ಸೂಪರ್‌ಹೀರೋ ಆಟ: ಯಾರ ಮಾತು ನಂಬಬೇಕು, ಯಾವ ವೇಷ ತೊಡಬೇಕು?

ಪ್ರಶ್ನೆ: ಸರ್, ನಾನು ತುಮಕೂರಿನಲ್ಲಿ ಬಿ.ಇಡಿ. ಓದುತ್ತಿದ್ದೇನೆ. ತಮ್ಮ ಈಗಷ್ಟೇ ಪಿಯುಸಿ ಮುಗಿಸಿದ್ದಾನೆ. ರಜೆಯಲ್ಲಿ ಇಬ್ಬರೂ ಜೊತೆಯಾಗಿ ಸೂಪರ್‌ಹೀರೋಗಳ ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟವೊಂದನ್ನು, ಅಂದರೆ ನಮ್ಮದೇ ಪಾತ್ರ ಕಟ್ಟಿ ಆಡುವಂಥದ್ದನ್ನು, ಆಡೋಣ ಎಂದುಕೊಂಡೆವು. ಆಡಿದವರ ಅಭಿಪ್ರಾಯಗಳನ್ನು ಓದಿದರೆ ಗೊಂದಲವೇ ಹೆಚ್ಚಾಗುತ್ತಿದೆ. ಒಬ್ಬರು ‘ವೇಷ ಕಟ್ಟುವುದು ಸ್ವರ್ಗ, ಮಿಷನ್‌ಗಳೆಲ್ಲ ಒಂದೇ ಥರ’ ಎನ್ನುತ್ತಾರೆ. ಇನ್ನೊಬ್ಬರು ‘ಹೊಡೆದಾಟ ಅದ್ಭುತ, ಆದರೆ ಮೂವತ್ತನೇ ಲೆವೆಲ್ ದಾಟಿದ ಮೇಲೆ ಬರೀ ದುಡ್ಡಿನ ಮಾತು’ ಎನ್ನುತ್ತಾರೆ. ಮತ್ತೊಬ್ಬರು ಮುಚ್ಚಿಹೋದ ಆಟವೊಂದನ್ನು ನೆನೆದು ಅತ್ತಿದ್ದೇನೆ ಎಂದು ಬರೆಯುತ್ತಾರೆ. ನಮ್ಮ ಬಳಿ ಇರುವುದು ಎರಡು ಹಳೆಯ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಹಾಟ್‌ಸ್ಪಾಟ್. ಯಾವುದನ್ನು ಆಡೋಣ? ಯಾರ ಮಾತನ್ನು ನಂಬೋಣ? ಎಂದಾದರೂ ಮುಚ್ಚಿಹೋಗಬಹುದಾದ ಆಟಕ್ಕೆ ಅಷ್ಟು ಹೊತ್ತು ಕೊಡುವುದು ಸರಿಯೇ?

ಉತ್ತರ: ನೀವು ಓದಿದ ಮೂವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮೂವರೂ ಬೇರೆ ಬೇರೆ ಜಾಗದಲ್ಲಿ ನಿಂತು ನೋಡಿದ್ದಾರೆ, ಅಷ್ಟೇ. ಯಾವುದನ್ನು ಆಡಬೇಕು ಎಂಬುದಕ್ಕೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ‘ಸಿಟಿ ಆಫ್ ಹೀರೋಸ್’ ಆಡಿ. ಈಗ ‘ಹೋಮ್‌ಕಮಿಂಗ್’ ಎಂಬ ತಂಡ ನಡೆಸುತ್ತಿರುವ ಸರ್ವರ್‌ಗಳಲ್ಲಿ, ಅಂದರೆ ಆಟ ನಡೆಯುವ ದೂರದ ಕಂಪ್ಯೂಟರ್‌ಗಳಲ್ಲಿ, ಆಡಿ. ದುಡ್ಡು ಬೇಡ, ಹಳೆಯ ಲ್ಯಾಪ್‌ಟಾಪ್ ಸಾಕು. ಇಬ್ಬರು ಜೊತೆಯಾಗಿ ಆಡುವುದಕ್ಕೆ ಅದಕ್ಕಿಂತ ಹದವಾದ ಸೂಪರ್‌ಹೀರೋ ಆಟವನ್ನು ನಾನು ಈ ಇಪ್ಪತ್ತು ವರ್ಷಗಳಲ್ಲಿ ಕಂಡಿಲ್ಲ. ಇಷ್ಟು ಸಾಕೆನ್ನಿಸಿದರೆ ಇಲ್ಲಿಗೇ ಓದು ನಿಲ್ಲಿಸಿ ಡೌನ್‌ಲೋಡ್‌ಗೆ ಹಾಕಬಹುದು. ಆದರೆ ಯಾರ ಮಾತನ್ನು ಹೇಗೆ ತೂಗಬೇಕು ಎಂದೂ ಕೇಳಿದ್ದೀರಿ. ಅದಕ್ಕೆ ಸ್ವಲ್ಪ ದೂರದಿಂದ ಬರಬೇಕಾಗುತ್ತದೆ.

ಕನ್ನಡದಲ್ಲಿ ಮಕ್ಕಳು ಬೀದಿಯಲ್ಲಿ ಆಡುವುದೂ ಆಟ, ಬಯಲಿನಲ್ಲಿ ರಾತ್ರಿಯಿಡೀ ವೇಷ ಕಟ್ಟಿ ಕುಣಿಯುವುದೂ ಆಟ. ನಮ್ಮ ತುಮಕೂರು ಸೀಮೆ ಮೂಡಲಪಾಯ ಯಕ್ಷಗಾನದ ಸೀಮೆ. ಮುಖವೀಣೆ ಕೇಳಿಸಿದರೆ ‘ಎಲ್ಲಿ ಆಟ?’ ಎಂದು ಕೇಳುತ್ತಿದ್ದ ಹಿರಿಯರನ್ನು ನಾನು ನೋಡಿದ್ದೇನೆ. ಹಾಗಾಗಿ ರೋಲ್‌ಪ್ಲೇಯಿಂಗ್ ಗೇಮ್ ಎಂದರೇನು ಎಂದು ನನ್ನ ತಲೆಮಾರಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಕೊರಟಗೆರೆ ಕಡೆಯ ನಮ್ಮ ಊರಿನಲ್ಲಿ ಮಹಾಭಾರತದ ನಾಟಕ ಆಡುವಾಗ ಪಾತ್ರಕ್ಕೆ ದುಡ್ಡು ಕಟ್ಟುವ ಪದ್ಧತಿ ಇತ್ತು. ಈಗಲೂ ಎಷ್ಟೋ ಊರುಗಳಲ್ಲಿ ಇದೆ. ದುರ್ಯೋಧನನಿಗೆ ಹೆಚ್ಚು, ಕೃಷ್ಣನಿಗೂ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ನನ್ನ ದೊಡ್ಡಪ್ಪ ಒಂದು ವರ್ಷದ ರಾಗಿ ಮಾರಿದ ದುಡ್ಡಿನಲ್ಲಿ ಒಂದು ಪಾಲು ಕಟ್ಟಿ ದುರ್ಯೋಧನನ ಪಾತ್ರ ಹಿಡಿದರು. ಹಾರ್ಮೋನಿಯಂ ಮಾಸ್ತರು ಮೂರು ತಿಂಗಳು ಊರಿನಲ್ಲೇ ಉಳಿದು ಹಾಡು ಕಲಿಸಿದರು. ತುಮಕೂರಿನಿಂದ ಸೀನರಿ, ಕಿರೀಟ, ಭುಜಕೀರ್ತಿ, ಗದೆ ಬಾಡಿಗೆಗೆ ಬಂದವು.

ದೊಡ್ಡಪ್ಪ ಸಾಯುವವರೆಗೂ ಆ ಒಂದು ರಾತ್ರಿಯ ಮಾತಾಡುತ್ತಿದ್ದರು. ಅವರು ಹೇಳುತ್ತಿದ್ದುದು ತಮ್ಮ ಹಾಡಿನ ಬಗ್ಗೆ ಅಲ್ಲ. ಭೀಮನ ಪಾತ್ರ ಹಿಡಿದಿದ್ದ ನೆರೆಯವರು, ದೊಡ್ಡಪ್ಪನ ಮೊಣಕಾಲು ನೋಯುತ್ತಿದೆಯೆಂದು ತಿಳಿದು, ಗದಾಯುದ್ಧದಲ್ಲಿ ತಾವೇ ಹೆಚ್ಚು ಓಡಾಡಿ ಇವರಿಗೆ ನಿಂತಲ್ಲೇ ಯುದ್ಧ ಮಾಡಲು ಬಿಟ್ಟರಂತೆ. ನೋಡುತ್ತಿದ್ದ ಒಬ್ಬರಿಗೂ ಅದು ಗೊತ್ತಾಗಲಿಲ್ಲವಂತೆ. ಈ ಕಥೆಯನ್ನು ಇಲ್ಲಿ ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ವೇಷದ ಮಾತು. ‘ಸಿಟಿ ಆಫ್ ಹೀರೋಸ್’ 2004ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಕಟ್ಟಿದವರು ಕ್ರಿಪ್ಟಿಕ್ ಸ್ಟುಡಿಯೋಸ್, ಹೊರತಂದವರು ಕೊರಿಯಾದ ಎನ್‌ಸಿಸಾಫ್ಟ್. ಅದೇ ಕಾಲದ ಬೇರೆ ಆನ್‌ಲೈನ್ ಆಟಗಳಲ್ಲಿ ನಿಮ್ಮ ಪಾತ್ರದ ಉಡುಪು ಎಂದರೆ ನಿಮಗೆ ಸಿಕ್ಕ ಸಾಮಾನು. ಒಳ್ಳೆಯ ಕವಚ ಸಿಕ್ಕರೆ ಅದನ್ನೇ ತೊಡಬೇಕು. ನೋಡಲು ಹೇಗಿದ್ದರೂ ಸರಿ, ಶಕ್ತಿ ಅದರಲ್ಲಿದೆ. ಐವತ್ತು ಜನ ಸೇರಿದರೆ ಐವತ್ತು ಜನರೂ ಒಂದೇ ಅಂಗಡಿಯಲ್ಲಿ ಬಟ್ಟೆ ಕೊಂಡವರಂತೆ ಕಾಣುತ್ತಿದ್ದರು. ಇಲ್ಲಿ ಹಾಗಲ್ಲ. ಶಕ್ತಿಯನ್ನು ಹೆಚ್ಚಿಸುವ ‘ಎನ್‌ಹಾನ್ಸ್‌ಮೆಂಟ್’ಗಳನ್ನು ನಿಮ್ಮ ಒಂದೊಂದು ವಿದ್ಯೆಯೊಳಗೇ ಕೂರಿಸುತ್ತೀರಿ; ಉಡುಪಿಗೂ ಬಲಕ್ಕೂ ಸಂಬಂಧವೇ ಇಲ್ಲ. ಆದ್ದರಿಂದ ವೇಷ ಪೂರ್ತಿ ನಿಮ್ಮ ಇಚ್ಛೆ. ಮೈಕಟ್ಟು, ಮುಖ, ಕೈಗವಸು, ಬೂಟು, ಮುಖವಾಡ, ಎದೆಯ ಮೇಲಿನ ಚಿಹ್ನೆ, ಒಂದೊಂದಕ್ಕೂ ಎರಡೆರಡು ಬಣ್ಣ. ಇದಲ್ಲದೆ ನಿಮ್ಮ ನಾಯಕ ಯಾರು, ಶಕ್ತಿ ಹೇಗೆ ಬಂತು ಎಂದು ನಾಲ್ಕು ಸಾಲಿನ ಪೂರ್ವಕಥೆ ಬರೆದಿಡಲು ಜಾಗ. ಬೇರೆಯವರು ನಿಮ್ಮನ್ನು ಒತ್ತಿ ಅದನ್ನು ಓದುತ್ತಾರೆ. ನಿಜವಾಗಿಯೂ ಓದುತ್ತಾರೆ, ಓದಿ ಬಂದು ಮಾತಾಡಿಸುತ್ತಾರೆ.

ಹೊಸದರಲ್ಲಿ ಹೆಗಲ ಮೇಲೆ ಹಾರುವ ಮೇಲುವಸ್ತ್ರ, ಅದೇ ‘ಕೇಪ್’, ಆಟದಲ್ಲಿ ಇರಲಿಲ್ಲ. ಅದೇ ವರ್ಷ ಅದನ್ನು ತಂದಾಗಲೂ ಇಪ್ಪತ್ತನೇ ಲೆವೆಲ್ ಮುಟ್ಟಿದವರಿಗೆ, ಅದಕ್ಕೆಂದೇ ಇದ್ದ ಮಿಷನ್ ಮುಗಿಸಿದವರಿಗೆ ಮಾತ್ರ ಎಂದು ಇಟ್ಟರು. ಯುದ್ಧದಲ್ಲಿ ಪ್ರಾಣ ಕೊಟ್ಟ ಹಿರಿಯ ವೀರನ ಗೌರವಕ್ಕಾಗಿ ಊರಿನ ನಾಯಕರು ಕೇಪ್ ತೊಡುವುದನ್ನು ಬಿಟ್ಟಿದ್ದರು ಎಂದು ಅದಕ್ಕೊಂದು ಕಥೆ ಕಟ್ಟಿದರು. ಒಂದು ತುಂಡು ಬಟ್ಟೆಗೆ ಇಷ್ಟು ಮರ್ಯಾದೆ ಕೊಟ್ಟ ಆಟವನ್ನು ಆಡಿದವರು ‘ವೇಷ ಕಟ್ಟುವುದು ಸ್ವರ್ಗ’ ಎಂದರೆ ಅದು ಉತ್ಪ್ರೇಕ್ಷೆಯಲ್ಲ. ಮೊದಲ ದಿನ ಪಾತ್ರ ಕಟ್ಟುವುದರಲ್ಲೇ ಎರಡು ಗಂಟೆ ಕಳೆಯಿತು, ಆಟಕ್ಕೆ ಕಾಲಿಡಲೇ ಇಲ್ಲ ಎಂದು ಯಾರಾದರೂ ಬರೆದಿದ್ದರೆ ಅವರನ್ನು ಧಾರಾಳವಾಗಿ ನಂಬಿ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಏನನ್ನು ಬೇಕಾದರೂ ಕಟ್ಟಬಹುದು ಎಂದಾಗ ಜನ ತಮಗೆ ಗೊತ್ತಿದ್ದ ನಾಯಕರನ್ನೇ ನಕಲು ಮಾಡಿದರು. 2004ರ ನವೆಂಬರ್‌ನಲ್ಲಿ ಮಾರ್ವೆಲ್ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ನಮ್ಮ ನಾಯಕರನ್ನು ಕದಿಯಲು ಈ ಆಟ ದಾರಿ ಮಾಡಿಕೊಡುತ್ತಿದೆ ಎಂಬುದು ಅದರ ದೂರು. 2005ರ ಕೊನೆಯಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡರು, ವೇಷ ಕಟ್ಟುವ ಪೆಟ್ಟಿಗೆ ಹಾಗೆಯೇ ಉಳಿಯಿತು. ನಿಮ್ಮ ತಮ್ಮನಿಗೆ ನಾನು ಹೇಳುವುದು ಇಷ್ಟೇ: ಹೆಸರಾಂತ ನಾಯಕರ ನಕಲು ಬೇಡ. ನಕಲು ವೇಷಧಾರಿಯನ್ನು ಅಲ್ಲಿ ಯಾರೂ ನಿಂತು ಮಾತಾಡಿಸುವುದಿಲ್ಲ.

ಪರರ ನಾಯಕನನ್ನೇ ಆಡಿಸುವ ಆಟಗಳೂ ಬಂದವು. ‘ಮಾರ್ವೆಲ್ ಹೀರೋಸ್’ ಎಂಬುದು 2013ರಲ್ಲಿ ಬಂದು 2017ರ ನವೆಂಬರ್‌ನಲ್ಲಿ ಮುಚ್ಚಿತು. ಅದರಲ್ಲಿ ನೀವೇ ಸ್ಪೈಡರ್‌ಮ್ಯಾನ್, ನೀವೇ ವುಲ್ವರೀನ್. ಕೈಗೆ ಬಹಳ ಚುರುಕಾದ ಆಟ. ಆದರೆ ಪಕ್ಕದಲ್ಲಿ ಓಡುತ್ತಿರುವವನೂ ಸ್ಪೈಡರ್‌ಮ್ಯಾನ್, ಎದುರಿನಿಂದ ಬರುತ್ತಿರುವವನೂ ಸ್ಪೈಡರ್‌ಮ್ಯಾನ್. ನಮ್ಮೂರಿನ ರಂಗದ ಮೇಲೆ ಹತ್ತು ಜನ ದುಡ್ಡು ಕಟ್ಟಿ ಹತ್ತೂ ಜನ ದುರ್ಯೋಧನರಾಗಿ ನಿಂತರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಅದನ್ನು ಆಡಿದವರ ಹೊಗಳಿಕೆಯಲ್ಲಿ ‘ನನ್ನ ನಾಯಕ’ ಎಂಬ ಮಾತು ನನಗೆ ಹೆಚ್ಚು ಸಿಗಲಿಲ್ಲ. ಯಾವುದೇ ಸೂಪರ್‌ಹೀರೋ ಆಟದ ಅಭಿಪ್ರಾಯ ಓದುವಾಗ ನಾನು ಮೊದಲು ಹುಡುಕುವುದು ಆ ಮಾತನ್ನೇ.

ಈಗ ಎರಡನೆಯ ದೂರು: ಮಿಷನ್‌ಗಳೆಲ್ಲ ಒಂದೇ ಥರ. ಇದು ನಿಜ, ಅದನ್ನು ಮರೆಮಾಚಿ ಆಟವನ್ನು ಶಿಫಾರಸು ಮಾಡುವುದು ತಪ್ಪಾಗುತ್ತದೆ. ಪ್ಯಾರಗಾನ್ ಸಿಟಿ ಎಂಬ ಆ ಊರಿನಲ್ಲಿ ಯಾರೋ ನಿಮಗೆ ಕೆಲಸ ಹೇಳುತ್ತಾರೆ, ನೀವು ಒಂದು ಬಾಗಿಲಿಗೆ ಹೋಗುತ್ತೀರಿ, ಒಳಗೆ ಒಂದು ಕಚೇರಿ ಅಥವಾ ಗೋದಾಮು ಅಥವಾ ಗುಹೆ. ಅದೇ ಕಚೇರಿ ಹತ್ತು ಸಲ ಎದುರಾಗುತ್ತದೆ. ಯಾವ ತಿರುವಿನಲ್ಲಿ ಲಿಫ್ಟ್ ಇದೆ, ಯಾವ ಮೂಲೆಯಲ್ಲಿ ಕೊನೆಯ ಖಳ ನಿಂತಿರುತ್ತಾನೆ ಎಂದು ಬಾಯಿಪಾಠವಾಗಿಬಿಡುತ್ತದೆ. ನಡುನಡುವೆ ನೆನಪಿನಲ್ಲಿ ಉಳಿಯುವ ಜಾಗಗಳಿವೆ. ಹಾಲೋಸ್ ಎಂಬ ಕುಸಿದ ಬಡಾವಣೆಯಲ್ಲಿ ಫ್ರಾಸ್ಟ್‌ಫೈರ್ ಎಂಬ ಖಳನ ಅಡಗುದಾಣವಿದೆ. ಅಲ್ಲಿ ಮಂಜುಗಡ್ಡೆಯ ಇಳಿಜಾರುಗಳ ಮೇಲೆ ತಂಡಕ್ಕೆ ತಂಡವೇ ಜಾರುತ್ತಾ ಇಳಿಯುತ್ತದೆ. ಹ್ಯಾಮಿಡಾನ್ ಎಂಬ ದೈತ್ಯ ಜೀವಕೋಶದ ಮೇಲೆ ಹತ್ತಾರು ಜನ ಒಟ್ಟಿಗೆ ಮುಗಿಬೀಳುವ ಯುದ್ಧವೂ ಇದೆ. ಆದರೆ ಇವು ಹಬ್ಬಗಳು. ದಿನದ ಅಡುಗೆ ಮಾತ್ರ ಅದೇ ಮುದ್ದೆ, ಅದೇ ಸಾರು. ಒಬ್ಬರೇ ಕುಳಿತು ಆಡಿದರೆ ಎರಡನೆಯ ವಾರಕ್ಕೆ ಬೇಸರ ಬರುತ್ತದೆ. ‘ಒಂದೇ ಥರ’ ಎಂದು ಬರೆದವರಲ್ಲಿ ಹೆಚ್ಚಿನವರು ಒಂಟಿಯಾಗಿ ಆಡಿದವರು ಎಂದು ನನ್ನ ಅನುಭವ ಹೇಳುತ್ತದೆ.

ಜೊತೆಯಾಗಿ ಆಡಿದಾಗ ಏನು ಬದಲಾಗುತ್ತದೆ ಎಂಬುದಕ್ಕೆ ನನ್ನದೇ ಪಾತ್ರದ ಕಥೆ ಹೇಳುತ್ತೇನೆ. 2005ರಲ್ಲಿ ಅಮೆರಿಕದಿಂದ ಬಂದ ಬಂಧುವೊಬ್ಬರು ಈ ಆಟದ ಪೆಟ್ಟಿಗೆ ತಂದುಕೊಟ್ಟರು. ತಿಂಗಳಿಗೆ ಸುಮಾರು 15 ಡಾಲರ್ ಚಂದಾ. ಅಂದಿನ ಲೆಕ್ಕದಲ್ಲಿ ಆರುನೂರು ರೂಪಾಯಿಗೂ ಮೇಲೆ. ಅದನ್ನೂ ಕೆಲವು ತಿಂಗಳು ಅವರೇ ಕಟ್ಟಿದರು. ತುಮಕೂರಿಗೆ ಬ್ರಾಡ್‌ಬ್ಯಾಂಡ್ ಆಗ ಹೊಸದು. ನಾನು ಕಟ್ಟಿದ್ದು ಕಲ್ಲಿನ ಮೈಯ ವೀರನನ್ನು. ಹೆಸರು ‘ಏಕಶಿಲೆ’, ಮಧುಗಿರಿಯ ಬೆಟ್ಟದ ಒಡಲಿನಿಂದ ಎದ್ದು ಬಂದವನು ಎಂದು ಪೂರ್ವಕಥೆ ಬರೆದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಆ ಹೆಸರನ್ನು ಉಚ್ಚರಿಸುವುದು ಹೇಗೆ ಎಂದು ಕೇಳದವರಿಲ್ಲ. ಮಧುಗಿರಿ ಒಂದೇ ಬಂಡೆಯ ಬೆಟ್ಟ, ಅದರ ಮೇಲೆ ಕೋಟೆಯಿದೆ ಎಂದು ಕೆನಡಾದ ಒಬ್ಬರಿಗೆ ಅರ್ಧ ಗಂಟೆ ವಿವರಿಸಿದ್ದೂ ಇದೆ.

ಆ ಆಟದಲ್ಲಿ ಪಾತ್ರಗಳಿಗೆ ವರ್ಗಗಳಿವೆ. ಹೀರೋಗಳ ಕಡೆ ಮೊದಲಿಗೆ ಇದ್ದವು ಐದು: ದೂರದಿಂದ ಸುಡುವ ಬ್ಲಾಸ್ಟರ್, ಶತ್ರುವನ್ನು ಕಟ್ಟಿಹಾಕುವ ಕಂಟ್ರೋಲರ್, ಜೊತೆಗಾರರಿಗೆ ಬಲ ತುಂಬುವ ಡಿಫೆಂಡರ್, ಹತ್ತಿರದಿಂದ ಕಾದಾಡುವ ಸ್ಕ್ರ್ಯಾಪರ್, ಎಲ್ಲರ ಪೆಟ್ಟನ್ನೂ ತಾನು ತಿನ್ನುವ ಟ್ಯಾಂಕರ್. ನನ್ನದು ಟ್ಯಾಂಕರ್, ‘ಸ್ಟೋನ್ ಆರ್ಮರ್’ ವಿದ್ಯೆಯವನು. 32ನೇ ಲೆವೆಲ್‌ನಲ್ಲಿ ಅವನಿಗೆ ‘ಗ್ರಾನೈಟ್ ಆರ್ಮರ್’ ಸಿಗುತ್ತಿತ್ತು. ಅದನ್ನು ಹಚ್ಚಿಕೊಂಡರೆ ಬೆಂಕಿ, ಗುಂಡು, ಕತ್ತಿ ಯಾವುದೂ ಹೆಚ್ಚು ತಾಗುವುದಿಲ್ಲ. ಆದರೆ ಎರಡು ಬೆಲೆ ತೆರಬೇಕು. ಒಂದು, ಎಷ್ಟೋ ಹೊತ್ತು ಕುಳಿತು ಕಟ್ಟಿದ ವೇಷ ಪೂರ್ತಿ ಮರೆಯಾಗಿ ಮೈಯೆಲ್ಲ ಒರಟು ಬಂಡೆಯಾಗುತ್ತದೆ. ಎರಡು, ಓಡಲಾಗದು, ಜಿಗಿಯಲಾಗದು. ನೆಲಕ್ಕೆ ಅಂಟಿದವನಂತೆ ತೆವಳಬೇಕು. ತಂಡದವರು ಮುಂದಿನ ಕೋಣೆ ಸೇರಿದ್ದರೂ ನಾನು ಹಿಂದಿನ ಕೋಣೆಯ ಬಾಗಿಲಲ್ಲೇ ಇರುತ್ತಿದ್ದೆ. ಎಲ್ಲರನ್ನೂ ಕಾಯಬೇಕಾದವನೇ ಎಲ್ಲರಿಗಿಂತ ಹಿಂದೆ. ಒಂದೆರಡು ತಂಡಗಳು ಅಸಹನೆಯಿಂದ ನನ್ನನ್ನು ಬಿಟ್ಟುಹೋದವು, ಆಟ ಬಿಟ್ಟುಬಿಡುವ ಮನಸ್ಸೂ ಬಂದಿತ್ತು.

ಒಂದು ಭಾನುವಾರ ಬೆಳಿಗ್ಗೆ ಗುರುತು ಪರಿಚಯವಿಲ್ಲದ ಡಿಫೆಂಡರ್ ಒಬ್ಬರು ತಂಡಕ್ಕೆ ಬಂದರು. ‘ಕೈನೆಟಿಕ್ಸ್’ ಎಂಬ ವಿದ್ಯೆ ಅವರದು. ಅದರಲ್ಲಿ ‘ಸ್ಪೀಡ್ ಬೂಸ್ಟ್’ ಎಂಬ ಶಕ್ತಿಯಿದೆ. ಜೊತೆಗಾರನ ಮೇಲೆ ಹಾಕಿದರೆ ಅವನ ಕಾಲಿಗೆ ಗಾಳಿ ಕಟ್ಟಿದಂತಾಗುತ್ತದೆ. ಆದರೆ ಎರಡೇ ನಿಮಿಷ ಇರುತ್ತದೆ, ಮತ್ತೆ ಮತ್ತೆ ಹಾಕಬೇಕು. ಆ ಪುಣ್ಯಾತ್ಮರು ಒಂದು ಮಾತನ್ನೂ ಆಡದೆ, ನಾನು ಕೇಳದಿದ್ದರೂ, ಎರಡು ನಿಮಿಷಕ್ಕೊಮ್ಮೆ ತಪ್ಪದೆ ನನ್ನ ಮೇಲೆ ಅದನ್ನು ಹಾಕುತ್ತಾ ಬಂದರು. ನನ್ನ ಬಂಡೆ ಓಡಿತು. ಮೂರು ಗಂಟೆಗಳ ಹೊತ್ತು, ಅದೇ ಕಚೇರಿ, ಅದೇ ಗೋದಾಮು, ಅದೇ ಗುಹೆ. ನನಗೆ ಒಂದು ಕ್ಷಣವೂ ಬೇಸರ ಬರಲಿಲ್ಲ. ಅಂದು ರಾತ್ರಿ ದೊಡ್ಡಪ್ಪನ ಮೊಣಕಾಲಿನ ಕಥೆ ನೆನಪಾಗಿ, ಈ ಬಗೆಯ ಆಟವನ್ನು ತೂಗುವ ತಕ್ಕಡಿ ಯಾವುದೆಂದು ನನಗೆ ಗೊತ್ತಾಯಿತು. ನನ್ನ ಪಾತ್ರದ ಕೊರತೆಯನ್ನು ಇನ್ನೊಬ್ಬರ ಪಾತ್ರ ತುಂಬುವಂತೆ ಆಟವನ್ನು ಕಟ್ಟಿದ್ದಾರೆಯೇ? ಉಳಿದದ್ದೆಲ್ಲ ಆಮೇಲೆ.

‘ಸಿಟಿ ಆಫ್ ಹೀರೋಸ್’ ಇದನ್ನು ಎಷ್ಟು ಚೆನ್ನಾಗಿ ಅರಿತಿತ್ತು ಎಂಬುದಕ್ಕೆ ಅದರ ‘ಸೈಡ್‌ಕಿಕ್’ ವ್ಯವಸ್ಥೆ ಸಾಕ್ಷಿ. ಅಂದಿನ ಹೆಚ್ಚಿನ ಆಟಗಳಲ್ಲಿ ಅಕ್ಕ ನಲವತ್ತನೇ ಲೆವೆಲ್, ತಮ್ಮ ಹತ್ತನೇ ಲೆವೆಲ್ ಆದರೆ ಜೊತೆಯಾಗಿ ಆಡುವುದು ಕಷ್ಟವಾಗಿತ್ತು. ಇಲ್ಲಿ ಹಿರಿಯನ ಪಕ್ಕದಲ್ಲಿ ಕಿರಿಯನನ್ನು ಅವನ ಮಟ್ಟಕ್ಕೆ ಎತ್ತುವ ಉಪಾಯ ಮೊದಲಿನಿಂದಲೇ ಇತ್ತು. 2009ರಲ್ಲಿ ಅದನ್ನು ಇನ್ನೂ ಸುಲಭ ಮಾಡಿದರು. ತಂಡಕ್ಕೆ ಸೇರಿದ ಕೂಡಲೇ ಎಲ್ಲರ ಲೆವೆಲ್ ತಾನಾಗಿಯೇ ಹೊಂದಿಕೊಳ್ಳುತ್ತದೆ. ನಿಮಗೆ ಬಿ.ಇಡಿ. ಪಾಠದ ಅಭ್ಯಾಸವಿರುತ್ತದೆ, ತಮ್ಮ ದಿನವಿಡೀ ಆಡುತ್ತಾನೆ. ಒಂದು ವಾರದಲ್ಲಿ ಅವನು ನಿಮ್ಮನ್ನು ಹಿಂದೆ ಹಾಕುತ್ತಾನೆ. ಆದರೂ ಸಂಜೆ ಇಬ್ಬರೂ ಒಂದೇ ಮಿಷನ್‌ಗೆ ಹೋಗಬಹುದು. ನಿಮ್ಮಿಬ್ಬರಿಗೆ ಈ ಆಟವನ್ನೇ ಹೇಳಲು ಇದೊಂದು ಕಾರಣವೇ ಸಾಕಿತ್ತು.

‘ಚಾಂಪಿಯನ್ಸ್ ಆನ್‌ಲೈನ್’ ಬಗ್ಗೆಯೂ ನೀವು ಓದಿರುತ್ತೀರಿ. ಅದೇ ಕ್ರಿಪ್ಟಿಕ್ ತಂಡ 2009ರ ಸೆಪ್ಟೆಂಬರ್‌ನಲ್ಲಿ ಹೊರತಂದದ್ದು, 2011ರಲ್ಲಿ ಉಚಿತವಾಯಿತು. ಚಿತ್ರಕಥೆಯ ಪುಸ್ತಕದಲ್ಲಿ ಇರುವಂತೆ ಆಕೃತಿಗಳಿಗೆ ಕಪ್ಪು ಅಂಚಿನ ಗೆರೆ. ವೇಷದ ಪೆಟ್ಟಿಗೆ ಇನ್ನೂ ದೊಡ್ಡದು. ಅದರಲ್ಲಿ ನಾನು ಮನಸಾರೆ ಮೆಚ್ಚುವುದು ಒಂದನ್ನು: 25ನೇ ಲೆವೆಲ್‌ನಲ್ಲಿ ನಿಮ್ಮ ಕಡು ವೈರಿಯನ್ನೂ ನೀವೇ ಕಟ್ಟಬಹುದು. ವೈರಿಯ ಮುಖ, ಉಡುಪು, ಶಕ್ತಿ, ಅವನ ಹಿಂಬಾಲಕರು ಎಲ್ಲವೂ ನಿಮ್ಮ ಆಯ್ಕೆ. ಆಮೇಲೆ ಅವನು ಅಡಿಗಡಿಗೆ ಎದುರಾಗುತ್ತಾನೆ. ಭೀಮನಿಗೆ ತನ್ನ ದುರ್ಯೋಧನನನ್ನು ತಾನೇ ಬರೆಯಲು ಬಿಟ್ಟಂತೆ. ಆದರೆ ಶಕ್ತಿಗಳನ್ನು ಮನಸ್ಸಿಗೆ ಬಂದಂತೆ ಬೆರೆಸುವ ಸ್ವಾತಂತ್ರ್ಯ ಮುಖ್ಯವಾಗಿ ದುಡ್ಡು ಕೊಟ್ಟವರಿಗೆ; ಉಚಿತವಾಗಿ ಆಡುವವರಿಗೆ ಮೊದಲೇ ಹೊಂದಿಸಿಟ್ಟ ಮಾದರಿಗಳು. ಮುಕ್ತವಾಗಿ ಬೆರೆಸಿ ಕಟ್ಟಿದವರ ಪಾತ್ರ ತಾನೊಂದೇ ಎಲ್ಲವನ್ನೂ ಮಾಡಬಲ್ಲದು. ಹಾಗಾಗಿ ಒಬ್ಬರಿಗೆ ಇನ್ನೊಬ್ಬರ ಅಗತ್ಯ ಕಡಿಮೆ. ತಂಡಗಳು ತೆಳುವಾಗಲು ನನ್ನ ಮಟ್ಟಿಗೆ ಅದೂ ಒಂದು ಕಾರಣ.

‘ಹೊಡೆದಾಟ ಅದ್ಭುತ, ಮೂವತ್ತರ ನಂತರ ದುಡ್ಡಿನ ಮಾತು’ ಎಂದವರು ‘ಡಿಸಿ ಯೂನಿವರ್ಸ್ ಆನ್‌ಲೈನ್’ ಆಡಿದವರು. 2011ರ ಜನವರಿಯಲ್ಲಿ ಕಂಪ್ಯೂಟರ್ ಮತ್ತು ಪ್ಲೇಸ್ಟೇಷನ್ 3ಕ್ಕೆ ಬಂದ ಆಟ. ಅದೇ ವರ್ಷದ ನವೆಂಬರ್‌ನಲ್ಲಿ ಉಚಿತವಾಯಿತು. ಭವಿಷ್ಯದಿಂದ ಹಿಂದಿರುಗಿ ಬಂದ ಲೆಕ್ಸ್ ಲೂಥರ್ ಕದ್ದು ತಂದ ಸೂಕ್ಷ್ಮ ಯಂತ್ರಗಳಿಂದ ಸಾಮಾನ್ಯ ಜನರಿಗೆ ಶಕ್ತಿ ಬರುತ್ತದೆ. ಹಾಗೆ ಶಕ್ತಿ ಪಡೆದ ಹೊಸಬರು ನೀವು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಅಥವಾ ವಂಡರ್ ವುಮನ್ ನಿಮ್ಮ ಗುರು. ಖಳನಾಗಬೇಕೆಂದರೆ ಲೂಥರ್, ಜೋಕರ್ ಅಥವಾ ಸರ್ಸಿ. ಮೆಟ್ರೊಪೊಲಿಸ್ ಊರಿನ ಮೇಲೆ ಹಾರುವುದು, ಗಾಥಮ್‌ನ ಗೋಡೆಗಳ ಮೇಲೆ ನೇರ ಓಡುವುದು ಮೊದಲ ದಿನ ಮೈ ಜುಮ್ಮೆನ್ನಿಸುತ್ತದೆ. ಕೈಗೆ ಕೆಲಸ ಕೊಡುವ ಹೊಡೆದಾಟದಲ್ಲಿ ಇದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ 30ನೇ ಲೆವೆಲ್ ಬೇಗ ಮುಗಿಯುತ್ತದೆ. ಅಲ್ಲಿಂದ ಮುಂದೆ ಬಲವೆಂದರೆ ಸಾಮಾನಿನ, ಅಂದರೆ ತೊಟ್ಟ ಕವಚ, ಆಯುಧಗಳ ಅಂಕ. ಅದನ್ನು ಏರಿಸುವ ಓಟಕ್ಕೆ ಕೊನೆಯಿಲ್ಲ. ಬೀಗ ಹಾಕಿದ ‘ಟೈಮ್ ಕ್ಯಾಪ್ಸೂಲ್’ ಪೆಟ್ಟಿಗೆಗಳು ಬಿದ್ದು ಸಿಗುತ್ತವೆ, ಅವನ್ನು ತೆರೆಯುವ ಸಾಧನ ಬೇರೆ ಸಂಪಾದಿಸಬೇಕು ಅಥವಾ ಕೊಳ್ಳಬೇಕು. ಒಳಗೆ ಏನಿದೆ ಎಂಬುದು ತೆರೆದ ಮೇಲೇ ತಿಳಿಯುತ್ತದೆ. ನನ್ನ ದೊಡ್ಡಪ್ಪ ಪಾತ್ರಕ್ಕೆ ದುಡ್ಡು ಕಟ್ಟಿದ್ದರು ನಿಜ. ಆದರೆ ಕಟ್ಟುವಾಗ ಯಾವ ಪಾತ್ರ ಸಿಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಪಿಯುಸಿ ಮುಗಿಸಿದ ಹುಡುಗನ ಫೋನಿನಲ್ಲಿ ಯುಪಿಐ ಇದ್ದೇ ಇರುತ್ತದೆ. ಆ ಪೆಟ್ಟಿಗೆಗಳ ಹತ್ತಿರ ಅವನನ್ನು ಬಿಡಬೇಡಿ ಎಂದು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ.

ಅಭಿಪ್ರಾಯಗಳನ್ನು ಓದುವಾಗ ಇನ್ನೊಂದನ್ನು ಗಮನಿಸಿ. ಬರೆದವರು ಎಷ್ಟು ಬೇಗ ಮೇಲೇರಿದರು? ‘ಸಿಟಿ ಆಫ್ ಹೀರೋಸ್’ನಲ್ಲಿ ಆಟಗಾರರೇ ಮಿಷನ್ ಬರೆಯುವ ‘ಆರ್ಕಿಟೆಕ್ಟ್’ ಸೌಲಭ್ಯವನ್ನು 2009ರಲ್ಲಿ ಕೊಟ್ಟರು. ಕೆಲವರು ಅದರಲ್ಲಿ ಅತ್ಯುತ್ತಮ ಕಥೆಗಳನ್ನು ಬರೆದರು. ಇನ್ನು ಕೆಲವರು ಸುಲಭದ ಶತ್ರುಗಳನ್ನು ರಾಶಿ ಹಾಕಿ, ಹೊಡೆದು, ಹೊಸ ಪಾತ್ರವನ್ನು ಗಂಟೆಗಳಲ್ಲಿ ಐವತ್ತನೇ ಲೆವೆಲ್‌ಗೆ ಏರಿಸುವ ಕಾರ್ಖಾನೆ ಮಾಡಿಕೊಂಡರು. ಹಾಗೆ ಏರಿದ ಹೊಸಬ ಊರಿನ ಬೀದಿಗಳನ್ನೇ ನೋಡಿರುವುದಿಲ್ಲ. ‘ಮಾಡಲು ಏನೂ ಇಲ್ಲ’ ಎಂದು ಬರೆದು ಹೊರಡುತ್ತಾನೆ. ಈಗಿನ ಸರ್ವರ್‌ಗಳಲ್ಲಿ ಅನುಭವದ ಅಂಕಗಳನ್ನು ಬೇಗ ಏರಿಸಿಕೊಳ್ಳುವ ಸೌಲಭ್ಯ ಮೊದಲ ಬಡಾವಣೆಯಲ್ಲೇ, ದುಡ್ಡಿಲ್ಲದೆ ಸಿಗುತ್ತದೆ. ಮೊದಲ ಪಾತ್ರಕ್ಕೆ ಅದನ್ನು ಮುಟ್ಟಬೇಡಿ. ಅಟ್ಲಾಸ್ ಪಾರ್ಕ್ ಎಂಬ ಆ ಬಡಾವಣೆಯಿಂದ ಪಕ್ಕದ ಕಿಂಗ್ಸ್ ರೋವರೆಗೆ ನಡೆದೇ ಹೋಗಿ. ಹಳೆಯ ಕಾಲದಲ್ಲಿ ಹಾರುವ ಶಕ್ತಿ ಸಿಗಲು 14ನೇ ಲೆವೆಲ್‌ವರೆಗೆ ಕಾಯಬೇಕಿತ್ತು. ಅಷ್ಟು ದಿನ ಬೀದಿಯಲ್ಲಿ ನಡೆದವನು ಮೊದಲ ಬಾರಿ ನೆಲ ಬಿಟ್ಟು ಮೇಲೆದ್ದಾಗ ಕೆಳಗಿನ ಒಂದೊಂದು ತಿರುವನ್ನೂ ಗುರುತಿಸುತ್ತಿದ್ದ. ಈಗ 4ನೇ ಲೆವೆಲ್‌ನಲ್ಲೇ ಹಾರಬಹುದು. ಸಾಧ್ಯವಾದರೆ ಸ್ವಲ್ಪ ತಡೆದುಕೊಳ್ಳಿ.

ನಿಮ್ಮ ಲ್ಯಾಪ್‌ಟಾಪ್‌ಗಳ ಚಿಂತೆ ಬೇಡ. 2004ರ ಆಟ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೂ ಚಿತ್ರದ ಗುಣಮಟ್ಟ ತಗ್ಗಿಸಿದರೆ ಓಡುತ್ತದೆ. ಡೌನ್‌ಲೋಡ್ ಕೆಲವೇ ಜಿಬಿ. ಡಿಸಿ ಆಟದ್ದು ಹತ್ತಾರು ಜಿಬಿ, ಹಾಟ್‌ಸ್ಪಾಟ್‌ಗೆ ಭಾರ. ಆಡುವಾಗ ಖರ್ಚಾಗುವ ಡೇಟಾ ವೀಡಿಯೊ ನೋಡುವುದಕ್ಕಿಂತ ಬಹಳ ಕಡಿಮೆ. ಸರ್ವರ್‌ಗಳು ಸಮುದ್ರದಾಚೆ ಇರುವುದರಿಂದ ಗುಂಡಿ ಒತ್ತಿದ ಮೇಲೆ ಕಾಲು ಸೆಕೆಂಡಿನಷ್ಟು ತಡವಾಗಿ ಕೆಲಸವಾಗುವುದುಂಟು. ಡಿಸಿ ಆಟದ ಚುರುಕು ಹೊಡೆದಾಟದಲ್ಲಿ ಅದು ಕಾಡುತ್ತದೆ. ಇಲ್ಲಿ ಒಂದು ಶಕ್ತಿ ನಡೆಯುತ್ತಿರುವಾಗಲೇ ಮುಂದಿನದನ್ನು ಸರದಿಯಲ್ಲಿ ನಿಲ್ಲಿಸಬಹುದು, ಆದ್ದರಿಂದ ಅಷ್ಟು ತಿಳಿಯುವುದಿಲ್ಲ. ಹೋಮ್‌ಕಮಿಂಗ್‌ನಲ್ಲಿ ‘ರಿಯೂನಿಯನ್’ ಎಂಬ ಸರ್ವರ್ ಯೂರೋಪಿನದು, ನಮಗೆ ಹತ್ತಿರ. ‘ಎವರ್‌ಲಾಸ್ಟಿಂಗ್’ ಎಂಬುದು ಪಾತ್ರದಲ್ಲೇ ಮಾತಾಡುವ ರೂಢಿಯವರು ಹೆಚ್ಚು ಸೇರುವ ಜಾಗ. ನಿಮಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಸ್ವಲ್ಪ ತಡವಾದರೂ ಸರಿ. ಹೊತ್ತು ಮಾತ್ರ ಲೆಕ್ಕ ಹಾಕಿ ಆರಿಸಿಕೊಳ್ಳಿ. ಅಮೆರಿಕದ ಪೂರ್ವ ತೀರದಲ್ಲಿ ಶನಿವಾರ ರಾತ್ರಿ ಎಂಟು ಗಂಟೆಯಾದಾಗ ನಮಗೆ ಬೇಸಿಗೆಯಲ್ಲಿ ಭಾನುವಾರ ಮುಂಜಾನೆ ಐದೂವರೆ. ತಂಡಗಳು ತುಂಬಿ ತುಳುಕುವುದು ಆಗಲೇ. ನಮ್ಮ ಕಡೆ ಆ ಹೊತ್ತಿಗೆ ಕರೆಂಟ್ ಹೋಗುವುದೂ ಕಡಿಮೆ. ರಾತ್ರಿ ಎಚ್ಚರವಿದ್ದು ಆಡುವುದಕ್ಕಿಂತ ಬೇಗ ಮಲಗಿ ಬೇಗ ಏಳುವುದು ಮನೆಯವರಿಗೂ ಒಪ್ಪಿಗೆಯಾಗುತ್ತದೆ.

ಕೊನೆಯದಾಗಿ ಮುಚ್ಚಿಹೋಗುವ ಪ್ರಶ್ನೆ. ಅತ್ತಿದ್ದೇನೆ ಎಂದು ಬರೆದವರು ಅತ್ತದ್ದು ಇದೇ ಆಟಕ್ಕೆ. 2012ರ ಆಗಸ್ಟ್ 31ರಂದು, ಆಟ ಇನ್ನೂ ಚೆನ್ನಾಗಿ ನಡೆಯುತ್ತಿರುವಾಗಲೇ, ನಿಲ್ಲಿಸುವುದಾಗಿ ಎನ್‌ಸಿಸಾಫ್ಟ್ ಪ್ರಕಟಿಸಿತು. ಆಟಗಾರರು ಪತ್ರ ಬರೆದರು, ಸಹಿ ಸಂಗ್ರಹಿಸಿದರು. ಅಟ್ಲಾಸ್ ಪಾರ್ಕಿನ ನಗರಸಭೆಯ ಎದುರು ತಮ್ಮ ತಮ್ಮ ನಾಯಕರನ್ನು ನಿಲ್ಲಿಸಿ ಕೈಯಲ್ಲಿ ದೀವಟಿಗೆ ಹಿಡಿಸಿದರು. ನಮ್ಮ ಬಯಲಾಟಗಳು ದೀವಟಿಗೆಯ ಬೆಳಕಿನಲ್ಲೇ ನಡೆಯುತ್ತಿದ್ದವು. ಆ ಚಿತ್ರ ನೋಡಿದಾಗ ನನ್ನ ಗಂಟಲು ಕಟ್ಟಿತು. ನವೆಂಬರ್ 30ರಂದು ಸರ್ವರ್‌ಗಳು ಆರಿದವು. ನನ್ನ ಏಕಶಿಲೆಯೂ ಅದರೊಡನೆ ಹೋದ. ಏಳು ವರ್ಷ ಕಟ್ಟಿ ಬೆಳೆಸಿದವನು ನನ್ನವನಾಗಿರಲಿಲ್ಲ, ಬಾಡಿಗೆ ಕಿರೀಟದಂತೆ ಹಿಂದಿರುಗಿಸಬೇಕಾದವನಾಗಿದ್ದ ಎಂದು ಆಗ ತಿಳಿಯಿತು. ಆ ನೋವು ಸಣ್ಣದು ಎಂದು ನಾನು ನಿಮಗೆ ಹೇಳುವುದಿಲ್ಲ.

2019ರ ಏಪ್ರಿಲ್‌ನಲ್ಲಿ, ಕೆಲವೇ ಜನ ವರ್ಷಗಟ್ಟಲೆ ಗುಟ್ಟಾಗಿ ಈ ಆಟವನ್ನು ನಡೆಸುತ್ತಿದ್ದರು ಎಂಬುದು ಬಯಲಾಯಿತು. ಹೊರಗಿನವರಿಗೆ ಸಿಟ್ಟು ಬಂದದ್ದು ಸಹಜ. ಜಗಳವೆಲ್ಲ ಆಗಿ ಆಟದ ಕೋಡ್ ಎಲ್ಲರಿಗೂ ಸಿಕ್ಕಿತು, ಎಲ್ಲರೂ ಸೇರಬಹುದಾದ ಸರ್ವರ್‌ಗಳು ಎದ್ದು ನಿಂತವು. ಅವುಗಳಲ್ಲಿ ಹೋಮ್‌ಕಮಿಂಗ್ ಒಂದು. ಖರ್ಚು ಸಾಗುವುದು ಆಟಗಾರರ ದೇಣಿಗೆಯಿಂದ. ಆಟದೊಳಗೆ ದುಡ್ಡಿನ ಅಂಗಡಿಯೇ ಇಲ್ಲ. 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಆ ತಂಡಕ್ಕೆ ಅಧಿಕೃತ ಪರವಾನಗಿ ಕೊಟ್ಟಿತು. ಊರಿನವರೇ ಚಂದಾ ಎತ್ತಿ ನಡೆಸುವ ನಾಟಕದಂತೆ ಈಗ ಆ ಆಟ ನಡೆಯುತ್ತಿದೆ. ಹಾಗೆಂದು ಅದು ಶಾಶ್ವತ ಎಂಬ ಭರವಸೆಯನ್ನು ನಾನು ಕೊಡಲಾರೆ. ದೊಡ್ಡಪ್ಪನ ನಾಟಕ ಒಂದೇ ರಾತ್ರಿಯದು, ಬೆಳಕು ಹರಿಯುವಷ್ಟರಲ್ಲಿ ಸೀನರಿ ಲಾರಿ ಏರಿತ್ತು. ಅವರು ಅದಕ್ಕೆ ಕೊಟ್ಟ ಮೂರು ತಿಂಗಳನ್ನು ವ್ಯರ್ಥ ಎಂದದ್ದನ್ನು ನಾನು ಕೇಳಿಲ್ಲ. ನಿಮ್ಮ ನಾಯಕರ ಚಿತ್ರಗಳನ್ನು ಮಾತ್ರ ಆಗಾಗ ತೆಗೆದು ಬೇರೆ ಕಡೆ ಉಳಿಸಿಡಿ. 2019ರಲ್ಲಿ ನಾನು ಏಕಶಿಲೆಯನ್ನು ಹೊಸದಾಗಿ ಕಟ್ಟಿದಾಗ ಅವನ ಭುಜದ ಬಣ್ಣ ನೆನಪಾಗಿರಲಿಲ್ಲ, ಹಳೆಯ ಸಿ.ಡಿ.ಯೊಂದರಲ್ಲಿ ಉಳಿದಿದ್ದ ಒಂದೇ ಒಂದು ಚಿತ್ರ ನೋಡಿ ತುಂಬಿದೆ.

ಇಬ್ಬರಿಗೂ ಪಾತ್ರ ಯಾವುದೆಂದು ಕೇಳಿದರೆ, ತಮ್ಮನಿಗೆ ಟ್ಯಾಂಕರ್ ಅಥವಾ ಸ್ಕ್ರ್ಯಾಪರ್ ಕೊಡಿ, ನೀವು ಕೈನೆಟಿಕ್ಸ್‌ನ ಡಿಫೆಂಡರ್ ಆಗಿ. ಸ್ಪೀಡ್ ಬೂಸ್ಟ್ ಸಿಗಲು ಸ್ವಲ್ಪ ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ತಾಳ್ಮೆಯಿರಲಿ. ಸಿಕ್ಕ ಮೇಲೆ ದಾರಿಯಲ್ಲಿ ಬಂಡೆಯಂತೆ ತೆವಳುತ್ತಿರುವ ಅಪರಿಚಿತರು ಕಂಡರೆ ಅವರ ಮೇಲೂ ಒಂದು ಸಲ ಹಾಕಿ.